ಸಭಾಂಗಣದ ಪ್ರೊಜೆಕ್ಟರಿನಲ್ಲಿ ಚಿತ್ರವೆಲ್ಲ ಹಳದಿ, ಕನ್ನಡ ಅಕ್ಷರವೆಲ್ಲ ಕಲಸುಮೇಲೋಗರ: ಹೊಸದು ಕೊಳ್ಳಲೇಬೇಕೇ?

ವಿಜಯನಗರದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ನಮ್ಮ ವಸತಿ ಸಮುಚ್ಚಯದ ಕನ್ನಡ ಬಳಗ ಬರುವ ಭಾನುವಾರ ರಾಜ್ಯೋತ್ಸವ ಇಟ್ಟುಕೊಂಡಿದೆ. ಹಿರಿಯರೊಬ್ಬರು ಬೆಂಗಳೂರಿನ ಹಳೆಯ ಕೆರೆಗಳ ನಕಾಶೆಗಳನ್ನು ತೋರಿಸುತ್ತಾ ಮಾತನಾಡಲಿದ್ದಾರೆ. ಆಮೇಲೆ ಮಕ್ಕಳೇ ತೆಗೆದ ಕಿರುಚಿತ್ರವಿದೆ. ಸಭಾಂಗಣದ ಚಾವಣಿಯಲ್ಲಿ ಪ್ರೊಜೆಕ್ಟರ್ ಇದೆ. ಅದರಿಂದ ವೇದಿಕೆಯ ಪಕ್ಕದ ಗೋಡೆಯ ಪೆಟ್ಟಿಗೆಯವರೆಗೆ ಹಳೆಯ ಬಗೆಯ ಚಿತ್ರದ ಕೇಬಲ್, ಅಂದರೆ ವಿಜಿಎ ಕೇಬಲ್ ಎಳೆದಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮತ್ತು ಟೈಪ್-ಸಿ ಎಂಬ ಹೊಸ ಬಗೆಯ ಕಿಂಡಿಗಳು ಮಾತ್ರ ಇವೆ. ನಡುವೆ ಒಂದು ಪರಿವರ್ತಕ ಹಾಕಿ ನಿನ್ನೆ ಪರೀಕ್ಷೆ ಮಾಡಿದೆವು.

ಬಿಳಿ ಇರಬೇಕಾದದ್ದೆಲ್ಲ ಹಳದಿ. ನಕಾಶೆಯ ನೀಲಿ ಕೆರೆಗಳು ಕಪ್ಪಾಗಿ ಕಾಣುತ್ತವೆ. ರೆಸಲ್ಯೂಶನ್ (ಚಿತ್ರದ ಅಗಲ, ಎತ್ತರದಲ್ಲಿರುವ ಚುಕ್ಕೆಗಳ ಲೆಕ್ಕ) 1024×768ರಿಂದ ಮೇಲಕ್ಕೆ ಹೋಗುವುದೇ ಇಲ್ಲ, ಊರಿನ ಹೆಸರುಗಳನ್ನು ಓದಲಾಗುವುದಿಲ್ಲ. ಕಿರುಚಿತ್ರದ ದನಿ ಸಭಾಂಗಣದ ಸ್ಪೀಕರಿಗೆ ಬರುವುದಿಲ್ಲ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ಹಿರಿಯರು ಕಳಿಸಿದ ಸ್ಲೈಡುಗಳ ಕನ್ನಡ ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿದೆ.

"ಯಂತ್ರ ಹಳೆಯದಾಯಿತು, ಹೊಸದು ತಂದುಬಿಡೋಣ" ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಹಣ ಎಲ್ಲರ ನಿರ್ವಹಣಾ ಶುಲ್ಕದಿಂದ ಹೋಗುವಂಥದ್ದು. ಕಾರಣ ತಿಳಿಯದೆ ಖರ್ಚು ಮಾಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಮಲ್ಲೇಶ್ವರ ಅಡ್ಡರಸ್ತೆ

ಎರಡೂ ಕಡೆ ಕೇಬಲ್ ಕಿತ್ತು ಮತ್ತೆ ಬಿಗಿಯಾಗಿ ಹಾಕಿ ನೋಡಿ. ವಿಜಿಎ ತುದಿಯ ತಿರುಪುಗಳನ್ನು ಯಾರೂ ತಿರುಗಿಸುವುದೇ ಇಲ್ಲ.

ತಂತಿ ಬಲ್ಲವ

ಅಕ್ಕಾ, ಯಂತ್ರವನ್ನು ಈಗಲೇ ದೂರಬೇಡಿ. ನೀವು ಬರೆದ ಲಕ್ಷಣವೇ ಅರ್ಧ ಉತ್ತರ ಹೇಳುತ್ತಿದೆ. ವಿಜಿಎ ಕೇಬಲಿನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿಗಳಿವೆ: 1, 2 ಮತ್ತು 3ನೇ ಪಿನ್ನುಗಳು. ನೀಲಿಯ ತಂತಿ ಕಡಿದರೆ ಉಳಿಯುವುದು ಕೆಂಪು ಮತ್ತು ಹಸಿರು. ಬೆಳಕಿನಲ್ಲಿ ಆ ಎರಡು ಸೇರಿದರೆ ಹಳದಿ. ನಿಮ್ಮ ನೀಲಿ ಕೆರೆಗಳು ಕಪ್ಪಾದದ್ದೂ ಅದೇ ಕಾರಣಕ್ಕೆ. ಹಸಿರು ಹೋದರೆ ಚಿತ್ರ ನೇರಳೆಗೆಂಪಾಗುತ್ತದೆ, ಕೆಂಪು ಹೋದರೆ ಹಸಿರು-ನೀಲಿಯಾಗುತ್ತದೆ. ಚಿತ್ರದ ಬಣ್ಣ ನೋಡಿಯೇ ಯಾವ ತಂತಿ ಎಂದು ಹೇಳಬಹುದು.

ಈಗ ತಪ್ಪು ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ, ಖರ್ಚೇನೂ ಇಲ್ಲ. ಪ್ರೊಜೆಕ್ಟರಿನ ರಿಮೋಟ್ ಹಿಡಿದು ಅದರದೇ ಮೆನು ತೆರೆಯಿರಿ. ಆ ಮೆನು ಯಂತ್ರದ ಒಳಗೇ ಹುಟ್ಟುವ ಚಿತ್ರ, ಕೇಬಲಿನ ಮೂಲಕ ಬರುವುದಿಲ್ಲ. ಮೆನುವಿನ ಬಿಳಿ ಬಿಳಿಯಾಗಿಯೇ ಇದ್ದರೆ ಪ್ರೊಜೆಕ್ಟರಿನ ಚಿತ್ರ ತೋರಿಸುವ ಭಾಗ ಆರೋಗ್ಯವಾಗಿದೆ, ತೊಂದರೆ ಬಹುಶಃ ಕೇಬಲ್, ಗೋಡೆಯ ಪೆಟ್ಟಿಗೆ ಅಥವಾ ಪರಿವರ್ತಕದಲ್ಲಿದೆ. ಮೆನುವೂ ಹಳದಿಯಾದರೆ ಮಾತ್ರ ಯಂತ್ರದ ಒಳಗಿನ ಗಾಜು, ಪ್ಯಾನೆಲ್ ಸವೆದಿವೆ ಎಂದು ಅನುಮಾನಿಸಬೇಕು.

ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು ಬಗ್ಗಿದ ಪಿನ್ ಇದೆಯೇ ನೋಡಿ. ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, 9ನೇ ಪಿನ್ ಬಹಳ ಕೇಬಲುಗಳಲ್ಲಿ ಇರುವುದೇ ಇಲ್ಲ.

ಲಿನಕ್ಸ್ ಓದುಗ

1987ರಲ್ಲಿ ಐಬಿಎಂ ತಂದ ವಿಜಿಎಯನ್ನು ಇನ್ನೂ ಗೋಡೆಯೊಳಗೆ ಹೂತಿಟ್ಟುಕೊಂಡರೆ ಹೀಗೇ ಆಗುವುದು. ಕಿತ್ತು ಎಸೆಯಿರಿ.

ನಿವೃತ್ತ ಮೇಷ್ಟ್ರು

ಲಿನಕ್ಸ್ ಓದುಗರೇ, ಕಿತ್ತು ಎಸೆಯುವ ಮಾತು ಸುಲಭ. ಗೋಡೆ ಒಡೆದು ಮತ್ತೆ ಸುಣ್ಣ ಬಳಿಯುವ ಖರ್ಚು ಯಾರದು? ನಾನು ಶಾಲೆಯಲ್ಲಿದ್ದಾಗ ವಿಜಿಎ ಕೇಬಲಿನಲ್ಲೇ ವಿಜ್ಞಾನದ ಪಾಠಗಳನ್ನು ತೋರಿಸಿದ್ದೇನೆ, ಕೊನೆಯ ಬೆಂಚಿನವರಿಗೂ ಕಂಡಿತು. ಒಳ್ಳೆಯ ಕೇಬಲ್ ಆದರೆ ಇಂದಿಗೂ ಅದು ಕೆಲಸಕ್ಕೆ ಬರುವ ವಸ್ತು.

ತಂತಿ ಬಲ್ಲವ

ಮೇಷ್ಟ್ರು ಹೇಳುವುದು ಸರಿ. ಆದರೆ ಒಂದು ಮಾತು ಸೇರಿಸಬೇಕು. ರೆಸಲ್ಯೂಶನ್ 1024×768ಕ್ಕೆ ಸಿಕ್ಕಿಹಾಕಿಕೊಳ್ಳುವುದಕ್ಕೂ ಆ ಹಳೆಯ ಕೇಬಲೇ ಕಾರಣ ಇರಬಹುದು. ಪ್ರೊಜೆಕ್ಟರ್ ತನ್ನ ಗುರುತಿನ ವಿವರವನ್ನು (ಇದಕ್ಕೆ ಇಡಿಐಡಿ ಎನ್ನುತ್ತಾರೆ) ಕಂಪ್ಯೂಟರಿಗೆ ಕಳಿಸುತ್ತದೆ: ನನಗೆ ಇಷ್ಟು ಅಗಲ, ಇಷ್ಟು ಎತ್ತರದ ಚಿತ್ರ ಬೇಕು, ಸೆಕೆಂಡಿಗೆ ಇಷ್ಟು ಸಲ ಬೇಕು ಎಂದು. ವಿಜಿಎಯಲ್ಲಿ ಆ ವಿವರ 12 ಮತ್ತು 15ನೇ ಪಿನ್ನುಗಳ ಮೂಲಕ ಹೋಗುತ್ತದೆ. ಗೋಡೆಯೊಳಗೆ ತಂತಿ ಎಳೆಯುವವರು ಎಷ್ಟೋ ಕಡೆ ಚಿತ್ರ ಬರಲು ಬೇಕಾದ ತಂತಿಗಳನ್ನಷ್ಟೇ ಬೆಸೆದು ಈ ಎರಡನ್ನು ಬಿಟ್ಟುಬಿಡುತ್ತಾರೆ. ಆಗ ಕಂಪ್ಯೂಟರಿಗೆ ಎದುರು ಯಾರಿದ್ದಾರೆ ಎಂದೇ ಗೊತ್ತಾಗದೆ, ಅಪಾಯವಿಲ್ಲದ ಒಂದು ಹಳೆಯ ಅಳತೆಯನ್ನು ಕಳಿಸಿ ಸುಮ್ಮನಾಗುತ್ತದೆ.

ಬಾಡಿಗೆ ಅಂಗಡಿಯವ

ಸ್ವಲ್ಪ ನಿಲ್ಲಿ. ಅದಕ್ಕೂ ಮೊದಲು ಆ ಪ್ರೊಜೆಕ್ಟರಿನ ಮಾದರಿ ಸಂಖ್ಯೆ ನೋಡಬೇಕು. ಬೆಂಗಳೂರಿನ ಬಹಳಷ್ಟು ಹಳೆಯ ಸಭಾಂಗಣಗಳಲ್ಲಿರುವುದು ಎಕ್ಸ್‌ಜಿಎ ಯಂತ್ರಗಳು. ಅವುಗಳ ಒಳಗಿನ ಚಿಪ್ಪಿನಲ್ಲಿ ಇರುವುದೇ 1024×768 ಚುಕ್ಕೆಗಳು. ಅಂಥದ್ದಾದರೆ ಈಗ ಬರುತ್ತಿರುವ ರೆಸಲ್ಯೂಶನ್ನೇ ಸರಿಯಾದದ್ದು. ಅದಕ್ಕಿಂತ ಹೆಚ್ಚಿನದನ್ನು ಕಳಿಸಿದರೆ ಯಂತ್ರ ಅದನ್ನು ಕುಗ್ಗಿಸಿಯೇ ತೋರಿಸುತ್ತದೆ, ಅಕ್ಷರ ಇನ್ನಷ್ಟು ಮಸುಕಾಗುತ್ತದೆ. ಡಬ್ಲ್ಯುಎಕ್ಸ್‌ಜಿಎ ಆದರೆ 1280×800. ಪೆಟ್ಟಿಗೆಯ ಮೇಲೆ "1080ಪಿ ಬೆಂಬಲ", "4ಕೆ ಬೆಂಬಲ" ಎಂದಿದ್ದರೆ ಆ ಸಂಕೇತವನ್ನು ಸ್ವೀಕರಿಸುತ್ತದೆ ಎಂದಷ್ಟೇ ಅರ್ಥ. ಕೈಪಿಡಿಯಲ್ಲಿ "ನೇಟಿವ್ ರೆಸಲ್ಯೂಶನ್" ಎಂಬ ಸಾಲು ಹುಡುಕಿ.

ಪರಿವರ್ತಕದ ಬಗ್ಗೆಯೂ ಒಂದು ಮಾತು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದೇ ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಬರುವುದೇ ಬೇರೆ. ನೋಡಲು ಒಂದೇ ರೀತಿ ಇರುತ್ತವೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವಾಗ ಯಾವ ಕಡೆಯಿಂದ ಯಾವ ಕಡೆಗೆ ಎಂದು ಬಾಯಿಬಿಟ್ಟು ಹೇಳಿ ಕೊಳ್ಳಿ. ಪಕ್ಕದಲ್ಲಿ ಪುಟ್ಟ ಯುಎಸ್‌ಬಿ ಕಿಂಡಿ ಮತ್ತು ದನಿಯ ಕಿಂಡಿ ಎರಡೂ ಇರುವುದನ್ನೇ ಆರಿಸಿ. ಎಚ್‌ಡಿಎಂಐ ಕೊಡುವ 5 ವೋಲ್ಟಿನ ವಿದ್ಯುತ್ತು ಬಹಳ ಅಲ್ಪ, ಕೆಲವು ಪರಿವರ್ತಕಗಳಿಗೆ ಸಾಲುವುದಿಲ್ಲ, ಚಿತ್ರ ಬಂದು ಬಂದು ಹೋಗುತ್ತದೆ.

ಯಲಹಂಕದ ಓದುಗಿ

ಟೈಪ್-ಸಿ ಕಿಂಡಿಯಿಂದಲೇ ನೇರವಾಗಿ ಕೊಡಬಹುದಲ್ಲವೇ? ನನ್ನ ಕಚೇರಿಯಲ್ಲಿ ಹಾಗೆಯೇ ಮಾಡುತ್ತೇವೆ.

ಲಿನಕ್ಸ್ ಓದುಗ

ಎಲ್ಲ ಟೈಪ್-ಸಿ ಕಿಂಡಿಗಳಲ್ಲಿ ಚಿತ್ರ ಬರುವುದಿಲ್ಲ. ಕಿಂಡಿಯ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಗುರುತು ಅಥವಾ ಥಂಡರ್‌ಬೋಲ್ಟಿನ ಮಿಂಚಿನ ಗುರುತು ಇದ್ದರೆ ಸಾಮಾನ್ಯವಾಗಿ ಬರುತ್ತದೆ. ಗುರುತು ಇಲ್ಲದಿದ್ದರೆ ತಯಾರಕರ ವಿವರಪಟ್ಟಿಯಲ್ಲಿ ನೋಡಿ. ಬರೀ ಚಾರ್ಜಿಂಗ್ ಮತ್ತು ಕಡತಗಳಿಗಷ್ಟೇ ಇರುವ ಕಿಂಡಿಗೆ ಎಂಥ ದುಬಾರಿ ಪರಿವರ್ತಕ ಹಾಕಿದರೂ ಪರದೆ ಕಪ್ಪಾಗಿಯೇ ಇರುತ್ತದೆ.

ಅಕ್ಷರಜೀವಿ

ಸಂಚಾಲಕಿಯವರೇ, ನಿಮ್ಮ ನಾಲ್ಕನೆಯ ತೊಂದರೆಗೆ ಯಾರೂ ಕೈ ಹಾಕಿಲ್ಲ, ಅದು ನನ್ನ ಕಸುಬು. ಆ ಹಿರಿಯರು ಸ್ಲೈಡುಗಳನ್ನು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿದ್ದಾರೆ. ಆ ಕಾಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕೂರಿಸಿರುತ್ತಿದ್ದರು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಸಂಕೇತಗಳು ಹಾಗೆಯೇ ಹೊರಬೀಳುತ್ತವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ, ಅಲ್ಲಿ ಬರೆದದ್ದು ಯಾವ ಕಂಪ್ಯೂಟರಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ವಿಂಡೋಸಿನಲ್ಲಿ ತುಂಗಾ, ನಿರ್ಮಲಾ ಎಂಬ ಯುನಿಕೋಡ್ ಫಾಂಟುಗಳಿವೆ.

ಭಾನುವಾರಕ್ಕೆ ಸುಲಭದ ದಾರಿ: ಹಿರಿಯರ ಮನೆಯ ಕಂಪ್ಯೂಟರಿನಲ್ಲೇ ಆ ಕಡತವನ್ನು ಪಿಡಿಎಫ್ ಮಾಡಿಸಿ ತನ್ನಿ. ಅಕ್ಷರದ ಆಕಾರ ಅದರೊಳಗೇ ಅಡಕವಾಗಿ ಬರುತ್ತದೆ.

ಬನಶಂಕರಿ ಬಳಗ

ಪಿಡಿಎಫ್ ಯಾಕೆ? ಆ ಫಾಂಟನ್ನೇ ನಿಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಮುಗಿಯಿತಲ್ಲ.

ಅಕ್ಷರಜೀವಿ

ಹಾಕಿಕೊಳ್ಳಬಹುದು. ಆದರೆ ಯಾವ ಫಾಂಟ್, ಯಾವ ಆವೃತ್ತಿ ಎಂದು ತಿಳಿಯಬೇಕು. ನುಡಿಯಲ್ಲಿ ಬರೆದದ್ದಕ್ಕೆ ಶ್ರೀಲಿಪಿ ಹಾಕಿದರೆ ಪ್ರಯೋಜನವಿಲ್ಲ. ಇನ್ನೊಂದು ದಾರಿ ಎಂದರೆ ಪವರ್‌ಪಾಯಿಂಟಿನ ಉಳಿಸುವ ಆಯ್ಕೆಗಳಲ್ಲಿ ಫಾಂಟನ್ನು ಕಡತದೊಳಗೆ ಸೇರಿಸು ಎಂಬುದನ್ನು ಆರಿಸುವುದು. ಫಾಂಟ್ ಅದಕ್ಕೆ ಅನುಮತಿ ಕೊಟ್ಟಿದ್ದರೆ ಕೆಲಸವಾಗುತ್ತದೆ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಇವೆ, ಆದರೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳಲ್ಲಿ ಅಲ್ಲಲ್ಲಿ ಎಡವುತ್ತವೆ. ಕೆರೆಯ ಹೆಸರು, ಇಸವಿ ತುಂಬಿದ ಸ್ಲೈಡುಗಳಲ್ಲಿ ಅಂಥ ತಪ್ಪು ನುಸುಳಿದರೆ ಮಾತನಾಡುವವರಿಗೆ ಅವಮಾನ. ಪರಿವರ್ತಿಸಿದ ಮೇಲೆ ಸಾಲು ಸಾಲಾಗಿ ಓದಲೇಬೇಕು. ವಾರದ ಕೊನೆಯ ಗಡಿಬಿಡಿಯಲ್ಲಿ ಅದನ್ನು ಮಾಡಬೇಡಿ.

ನನಗೆ ಇದರ ಬಗ್ಗೆ ಬಹಳ ನೋವಿದೆ. ಯುನಿಕೋಡ್ ಬಂದು ಇಷ್ಟು ಕಾಲವಾದರೂ ಒಳ್ಳೊಳ್ಳೆಯ ವಿದ್ವಾಂಸರ ಬರಹಗಳು ಹಳೆಯ ಫಾಂಟುಗಳಲ್ಲೇ ಸಿಕ್ಕಿಬಿದ್ದಿವೆ. ಅವನ್ನು ಹುಡುಕಿದರೆ ಸಿಗುವುದಿಲ್ಲ, ತೆರೆದರೆ ಓದಲಾಗುವುದಿಲ್ಲ. ನಿಮ್ಮ ಬಳಗದಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ರಾಜ್ಯೋತ್ಸವದ ನಂತರ ಆ ಹಿರಿಯರ ಎಲ್ಲ ಕಡತಗಳನ್ನು ನಿಧಾನವಾಗಿ ಯುನಿಕೋಡಿಗೆ ತರುವ ಕೆಲಸ ಕೊಡಿ. ತಿದ್ದಲು ನಾನೂ ಕೂರುತ್ತೇನೆ.

ಮಲ್ಲೇಶ್ವರ ಅಡ್ಡರಸ್ತೆ

ಪಿಡಿಎಫ್ ಮಾಡಿದರೆ ಸ್ಲೈಡಿನೊಳಗೆ ಓಡುವ ಚಿತ್ರ, ವಿಡಿಯೊ ಎಲ್ಲ ಹೋಗುತ್ತವೆ, ಅದನ್ನೂ ಹೇಳಿ.

ಅಕ್ಷರಜೀವಿ

ನಿಜ. ವಿಡಿಯೊ ಇದ್ದರೆ ಬೇರೆ ಕಡತವಾಗಿ ಇಟ್ಟುಕೊಳ್ಳಬೇಕು.

ನಿವೃತ್ತ ಮೇಷ್ಟ್ರು

ಅಕ್ಷರದ ಮಾತು ಬಂದದ್ದರಿಂದ ಹೇಳುತ್ತೇನೆ. ಇಂಗ್ಲಿಷಿಗೆ ಹೊಂದುವ ಗಾತ್ರ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ತೆಳ್ಳನೆಯ ಗೆರೆಯ ಫಾಂಟ್ ಮಂದ ಪ್ರೊಜೆಕ್ಟರಿನಲ್ಲಿ ಮಾಯವಾಗುತ್ತದೆ. ಸಭಾಂಗಣದ ದೀಪ ಪೂರ್ತಿ ಆರಿಸಲಾಗದಿದ್ದರೆ ತಿಳಿಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇಡಿ. ನಿಮ್ಮ ಸಭೆಗೆ ಬರುವವರಲ್ಲಿ ಅರ್ಧದಷ್ಟು ಜನ ಕನ್ನಡಕದ ಹಿರಿಯರೇ ಇರುತ್ತಾರಲ್ಲವೇ? ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಓದಿಸಿ ನೋಡಿ.

ಬನಶಂಕರಿ ಬಳಗ

ಕೆರೆಗಳ ಉಪನ್ಯಾಸ ಎಲ್ಲರಿಗೂ ಮುಕ್ತವೇ? ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎಂದು ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಕಾಶೆ ತೋರಿಸಿದರೆ ನಂಬುತ್ತಾರೆ.

ವಿಜಯನಗರದ ಸಂಚಾಲಕಿ

ಖಂಡಿತ ಬನ್ನಿ, ಮಕ್ಕಳನ್ನೂ ಕರೆತನ್ನಿ. ಅಕ್ಕಿತಿಮ್ಮನಹಳ್ಳಿ ಕೆರೆ ಹೋಗಿ ಹಾಕಿ ಆಟದ ಕ್ರೀಡಾಂಗಣವಾದ ಕತೆಯೂ ಅದರಲ್ಲಿದೆ. ಹಳೆಯ ಮತ್ತು ಹೊಸ ನಕಾಶೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುತ್ತಾರೆ. ಅದಕ್ಕೇ ನನಗೆ ಬಣ್ಣದ ಚಿಂತೆ. ಕೆರೆಯೇ ಕಪ್ಪಾಗಿ ಕಂಡರೆ ಏನು ತೋರಿಸಿದಂತಾಯಿತು?

ಇಂದು ಸಂಜೆ ಮೆನು ತೆರೆದು ನೋಡಿದೆವು, ಅಚ್ಚ ಬಿಳಿಯಾಗಿದೆ! ತಂತಿ ಬಲ್ಲವರಿಗೆ ಬಹಳ ಧನ್ಯವಾದ. ನಮ್ಮ ಎಲೆಕ್ಟ್ರಿಷಿಯನ್ ಗೋಡೆಯ ಪೆಟ್ಟಿಗೆ ಬಿಚ್ಚಿದಾಗ ಒಂದು ತಂತಿಯ ಬೆಸುಗೆ ಬಿಟ್ಟುಹೋಗಿತ್ತು, ಎರಡು ತಂತಿಗಳನ್ನು ಬೆಸೆದೇ ಇರಲಿಲ್ಲ. ಯಂತ್ರದ ಹಿಂದೆ ಎಚ್‌ಡಿಎಂಐ ಕಿಂಡಿ ಖಾಲಿ ಇದೆ. ಕೈಪಿಡಿಯ ಪ್ರಕಾರ ಅದು 1280×800. ಪಕ್ಕದ ಬ್ಲಾಕಿನವರಿಂದ 15 ಮೀಟರ್ ಎಚ್‌ಡಿಎಂಐ ಕೇಬಲ್ ತಂದು ನೇರವಾಗಿ ಕೊಟ್ಟಾಗ ಬಣ್ಣ ಸರಿಯಾಯಿತು. ಆದರೆ ಬಿಳಿ ಚುಕ್ಕೆಗಳು ಮಿಣುಕುತ್ತವೆ, ಆಗಾಗ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಇದು ಯಾಕೆ?

ತಂತಿ ಬಲ್ಲವ

ಉದ್ದದ ಕಾರಣಕ್ಕೆ. ವಿಜಿಎಯಲ್ಲಿ ದೂರ ಹೆಚ್ಚಾದರೆ ಚಿತ್ರ ಮೆಲ್ಲಗೆ ಮಸುಕಾಗುತ್ತದೆ. ಎಚ್‌ಡಿಎಂಐ ಹಾಗಲ್ಲ, ಒಂದು ಮಿತಿಯವರೆಗೆ ಪರಿಪೂರ್ಣ, ಅದನ್ನು ದಾಟಿದರೆ ಚುಕ್ಕೆ, ಆಮೇಲೆ ಕಪ್ಪು. ನಿಮ್ಮ ಲ್ಯಾಪ್‌ಟಾಪ್ ಈಗ ಏನು ಕಳಿಸುತ್ತಿದೆ ನೋಡಿ. ಬಹುಶಃ 1920×1080 ಇರಬೇಕು. ಅದು ಸುಮಾರು 20.7 ಲಕ್ಷ ಚುಕ್ಕೆ. ಪ್ರೊಜೆಕ್ಟರಿಗೆ ಬೇಕಿರುವುದು 1280×800, ಅಂದರೆ 10.2 ಲಕ್ಷ. ಅಷ್ಟಕ್ಕೇ ಇಳಿಸಿದರೆ ಕೇಬಲಿನ ಮೇಲಿನ ಹೊರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಂತ್ರ ಚಿತ್ರವನ್ನು ಕುಗ್ಗಿಸಬೇಕಾಗಿಲ್ಲದ ಕಾರಣ ಅಕ್ಷರವೂ ಚೂಪಾಗುತ್ತದೆ.

ಅದಕ್ಕೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ನಕಲು ಆರಿಸಿದರೆ ಎರಡೂ ಪರದೆಗಳಿಗೆ ಒಂದೇ ಅಳತೆ. ವಿಸ್ತರಣೆ ಆರಿಸಿದರೆ ಪ್ರೊಜೆಕ್ಟರಿಗೆ ಅದರದೇ ಅಳತೆ ಕೊಡಬಹುದು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎರಡನೆಯ ಪರದೆಯನ್ನು ಆರಿಸಿ 1280×800, 60 ಹರ್ಟ್ಜ್ ಮಾಡಿ.

ಮುಂದೆ ಶಾಶ್ವತವಾಗಿ ಎಳೆಸುವಾಗ ಇಷ್ಟು ದೂರಕ್ಕೆ ಒಳಗೆ ಗಾಜಿನ ನಾರು ಇರುವ ಆಕ್ಟಿವ್ ಎಚ್‌ಡಿಎಂಐ ಹಾಕಿಸಿ. ಅದಕ್ಕೆ ದಿಕ್ಕು ಇದೆ, ಕಂಪ್ಯೂಟರಿನ ತುದಿ ಯಾವುದು, ಪರದೆಯ ತುದಿ ಯಾವುದು ಎಂದು ಬರೆದಿರುತ್ತದೆ. ಗೋಡೆಯೊಳಗೆ ಹೂತ ಮೇಲೆ ತಿಳಿದರೆ ಕೆಲಸ ಕೆಟ್ಟಿತು. ಹೂಳುವ ಮುನ್ನ ನೆಲದ ಮೇಲೆ ಹಾಸಿಯೇ ಪರೀಕ್ಷಿಸಿ.

ಯಲಹಂಕದ ಓದುಗಿ

ಕೇಬಲ್ ಇಲ್ಲದೆ ಮಾಡಬಹುದಲ್ಲ? ವಿಂಡೋಸ್ ಕೀ ಮತ್ತು ಕೆ ಒತ್ತಿದರೆ ಮಿರಾಕಾಸ್ಟ್ ಇರುವ ಪರದೆಗಳು ತೋರುತ್ತವೆ.

ಬಾಡಿಗೆ ಅಂಗಡಿಯವ

ಮನೆಯಲ್ಲಿ ಮಾಡಿ, ತೊಂದರೆಯಿಲ್ಲ. ನೂರಾರು ವೈಫೈಗಳು ತುಂಬಿದ ಸಮುಚ್ಚಯದ ಸಭೆಯಲ್ಲಿ, ಎಲ್ಲರ ಕೈಯಲ್ಲಿ ಮೊಬೈಲ್ ಇರುವಾಗ ಅದನ್ನು ನಂಬಿ ಕಾರ್ಯಕ್ರಮ ಇಡಬೇಡಿ. ಹಿರಿಯರು ಮಾತಿನ ನಡುವೆ ನಿಂತು ಕಾಯುವಂತಾಗಬಾರದು. ಕೇಬಲ್ ಇನ್ನೂ ಕಾಡಿದರೆ ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರಿನ ಕೆಳಗೆ ಮೇಜು ಹಾಕಿ ಇಡಿ, 3 ಅಥವಾ 5 ಮೀಟರಿನ ಕೇಬಲ್ ಸಾಕು. ಮಾತನಾಡುವವರ ಕೈಗೆ ಸ್ಲೈಡ್ ಬದಲಿಸುವ ಪುಟ್ಟ ರಿಮೋಟ್ ಕೊಡಿ.

ಬನಶಂಕರಿ ಬಳಗ

ದನಿಯ ವಿಷಯ: ಎಚ್‌ಡಿಎಂಐ ಹಾಕಿದ ಕೂಡಲೇ ವಿಂಡೋಸ್ ದನಿಯನ್ನೂ ಪ್ರೊಜೆಕ್ಟರಿಗೇ ಕಳಿಸುತ್ತದೆ. ಅದರೊಳಗಿನ ಪುಟ್ಟ ಸ್ಪೀಕರ್ ಸಭಾಂಗಣಕ್ಕೆ ಕೇಳಿಸುವುದಿಲ್ಲ. ಕೆಳಗಿನ ಪಟ್ಟಿಯ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪಿನ ದನಿಯನ್ನು ಆರಿಸಿ, ಹೆಡ್‌ಫೋನ್ ಕಿಂಡಿಯಿಂದ ಮೈಕಿನವರ ಮಿಕ್ಸರಿಗೆ ಕೇಬಲ್ ಕೊಡಿ. ಹಿಂದೆ ನಿಮಗೆ ವಿಜಿಎಯಲ್ಲಿ ದನಿ ಬರದಿದ್ದದ್ದು ಸಹಜ, ವಿಜಿಎ ಚಿತ್ರವನ್ನಷ್ಟೇ ಒಯ್ಯುತ್ತದೆ. ಮಿಕ್ಸರಿಗೆ ಕೊಟ್ಟಾಗ ಗುಂಯ್ ಎಂದು ಸದ್ದು ಬಂದರೆ ಚಾರ್ಜರಿನ ಪ್ಲಗ್ಗಿನ ಮೂರನೆಯ ಪಿನ್ ಮುರಿದುಬಿಡಿ, ಸದ್ದು ಹೋಗುತ್ತದೆ.

ತಂತಿ ಬಲ್ಲವ

ಬಳಗದವರೇ, ಕೊನೆಯ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಆ ಮೂರನೆಯ ಪಿನ್ ಅರ್ಥಿಂಗ್. ಯಂತ್ರದೊಳಗೆ ಏನಾದರೂ ಸೋರಿದರೆ ಮನುಷ್ಯನ ಮೈಯನ್ನು ಕಾಯುವುದು ಅದೇ. ಸಭೆಯಲ್ಲಿ ಮಕ್ಕಳು ಮೈಕ್ ಹಿಡಿಯುತ್ತಾರೆ. ಸದ್ದು ಬರುವುದು ಲ್ಯಾಪ್‌ಟಾಪ್ ಒಂದು ಕಡೆಯ ಸಾಕೆಟ್ಟಿನಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ವಿದ್ಯುತ್ ತೆಗೆದುಕೊಂಡಾಗ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಉಳಿದರೆ ಕಾರ್ಯಕ್ರಮದ ಹೊತ್ತಿನಲ್ಲಿ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ, ಅಥವಾ ದನಿಯ ತಂತಿಗೆ ಹಾಕುವ ಐಸೊಲೇಟರ್ ಕೊಳ್ಳಿ. ವಿಜಿಎ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೆಲ್ಲಗೆ ಮೇಲೇರುವುದಕ್ಕೂ ಇದೇ ಕಾರಣ, ಇದೇ ಪರಿಹಾರ.

ಬನಶಂಕರಿ ಬಳಗ

ಮೈಕಿನವರು ಬಹಳ ಜನ ಹಾಗೆ ಮಾಡುತ್ತಾರೆ ಎಂದು ಹೇಳಿದೆ. ಒಂದೇ ಬೋರ್ಡಿನ ಉಪಾಯ ಒಳ್ಳೆಯದೇ, ಒಪ್ಪುತ್ತೇನೆ.

ಲಿನಕ್ಸ್ ಓದುಗ

ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ಎಕ್ಸ್‌ರ‍್ಯಾಂಡರ್ (xrandr) ಎಂಬ ಆದೇಶ ಕೊಟ್ಟರೆ ಯಾವ ಕಿಂಡಿಗೆ ಏನು ಸಿಕ್ಕಿದೆ, ಯಾವ ಯಾವ ಅಳತೆ ಸಾಧ್ಯ ಎಂದು ಪಟ್ಟಿಯೇ ಬರುತ್ತದೆ. ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಇದ್ದರೆ ಡೆಸ್ಕ್‌ಟಾಪಿನ ಸೆಟ್ಟಿಂಗಿನಲ್ಲೇ ಮಾಡಬೇಕು. ವಿಂಡೋಸಿನಲ್ಲಿ ಪರದೆ ಕಪ್ಪಾಗಿ ನಿಂತುಬಿಟ್ಟರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಆರಂಭವಾಗುತ್ತದೆ, ತೆರೆದ ಕಡತಗಳು ಹಾಗೆಯೇ ಇರುತ್ತವೆ.

ಚಿತ್ರಕೂಟದ ಸದಸ್ಯ

ಕಿರುಚಿತ್ರವನ್ನು ಅಂತರ್ಜಾಲದಿಂದ ಓಡಿಸಬೇಡಿ, ಕಡತವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಒಟಿಟಿಯ ಚಿತ್ರಗಳನ್ನು ತೋರಿಸುವಾಗ ದನಿ ಬಂದು ಚಿತ್ರ ಮಾತ್ರ ಕಪ್ಪಾಗುವುದುಂಟು. ಅದು ಕೇಬಲಿನ ತೊಂದರೆ ಅಲ್ಲ. ಎಚ್‌ಡಿಸಿಪಿ ಎಂಬ ನಕಲು ತಡೆ ಇದೆ, ದಾರಿಯಲ್ಲಿ ವಿಜಿಎ ಪರಿವರ್ತಕದಂಥದ್ದು ಇದ್ದರೆ ಅದು ಚಿತ್ರವನ್ನು ಬಿಡುವುದಿಲ್ಲ. ಮಕ್ಕಳ ಸ್ವಂತ ಚಿತ್ರಕ್ಕೆ ಈ ತಡೆ ಇರುವುದಿಲ್ಲ.

ವಿಜಯನಗರದ ಸಂಚಾಲಕಿ

1280×800 ಮಾಡಿದ ಮೇಲೆ ಚುಕ್ಕೆಗಳು ನಿಂತವು, ಪರದೆ ಕಪ್ಪಾಗುವುದೂ ನಿಂತಿತು! ಹಿರಿಯರ ಮನೆಗೆ ಹೋಗಿ ಪಿಡಿಎಫ್ ಮಾಡಿಸಿ ತಂದೆ. ದನಿಯೂ ಮಿಕ್ಸರಿಗೆ ಹೋಯಿತು, ಸದ್ದಿಲ್ಲ. ಈಗ ಉಳಿದದ್ದು ಒಂದೇ: ಚಿತ್ರ ಮಂದ. ಪರದೆಯ ಅಗಲ 3.2 ಮೀಟರ್, ಎತ್ತರ 2 ಮೀಟರ್. ಹೊಸದು ಬೇಕು ಎನ್ನುವವರು ಈಗ ಇದನ್ನೇ ಹಿಡಿದಿದ್ದಾರೆ. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ 9000 ಲುಮೆನ್ (ಬೆಳಕಿನ ಅಳತೆ) ಎಂದು ಬರೆದ ಪುಟ್ಟ ಪ್ರೊಜೆಕ್ಟರನ್ನು ತೋರಿಸುತ್ತಿದ್ದಾರೆ.

ಬಾಡಿಗೆ ಅಂಗಡಿಯವ

ಬೇಡ. ಆ ಸಂಖ್ಯೆಯ ಪಕ್ಕದಲ್ಲಿ ಆನ್ಸಿ ಅಥವಾ ಐಎಸ್‌ಒ ಎಂಬ ಮಾನದಂಡದ ಹೆಸರು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಲುಮೆನ್ ಅಳತೆಗೆ ಬೆಲೆಯಿಲ್ಲ. ಅಂಥವನ್ನು ಕತ್ತಲೆ ಕೋಣೆಯಲ್ಲಿ ಬಳಸಬಹುದು, ನಿಮ್ಮ ಸಭಾಂಗಣಕ್ಕೆ ಆಗುವುದಿಲ್ಲ.

ಲೆಕ್ಕ ನೀವೇ ಹಾಕಿ ಸಮಿತಿಗೆ ತೋರಿಸಿ. ನಿಮ್ಮ ಚಿತ್ರದ ವಿಸ್ತೀರ್ಣ 6.4 ಚದರ ಮೀಟರ್. ಯಂತ್ರ ನಿಜವಾದ 3200 ಲುಮೆನ್ ಕೊಟ್ಟರೆ ಪರದೆಯ ಮೇಲೆ ಚದರ ಮೀಟರಿಗೆ 500 ಲುಮೆನ್, ಅಂದರೆ 500 ಲಕ್ಸ್ ಬೀಳುತ್ತದೆ. ಲ್ಯಾಂಪ್ ಸವೆದು ಬೆಳಕು ಅರ್ಧಕ್ಕೆ ಇಳಿದಿದ್ದರೆ 250. ವೇದಿಕೆಯ ಮೇಲಿನ ಟ್ಯೂಬ್‌ಲೈಟುಗಳು ಉರಿಯುತ್ತಿದ್ದರೆ ಅವುಗಳ ಬೆಳಕೂ ಅದೇ ಪರದೆಯ ಮೇಲೆ ಬಿದ್ದು ಚಿತ್ರದ ಕಪ್ಪನ್ನು ಬೂದು ಮಾಡುತ್ತದೆ. ಮುಂದಿನ ದೀಪಗಳನ್ನಷ್ಟೇ ಆರಿಸಿ, ಹಿಂದಿನವು ಇರಲಿ. ಲೆನ್ಸಿನ ಜೂಮ್ ಬಳೆ ತಿರುಗಿಸಿ ಅಗಲವನ್ನು 2.8 ಮೀಟರಿಗೆ ತನ್ನಿ. ಅದೇ ಯಂತ್ರದಿಂದ ಸುಮಾರು ಮೂರನೇ ಒಂದರಷ್ಟು ಹೆಚ್ಚು ಹೊಳಪು ಬರುತ್ತದೆ.

ಮೆನುವಿನಲ್ಲಿ ಬೆಳಕು ತಗ್ಗಿಸಿ ವಿದ್ಯುತ್ ಉಳಿಸುವ ಇಕೊ ಮೋಡ್ ಇದ್ದರೆ ತೆಗೆಯಿರಿ. ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಎಂಬುದನ್ನೂ ಅಲ್ಲೇ ನೋಡಿ ಹೇಳಿ.

ಚಿತ್ರಕೂಟದ ಸದಸ್ಯ

ಫಿಲ್ಟರ್! ಯಾರೂ ಫಿಲ್ಟರ್ ಎನ್ನಲಿಲ್ಲ. ಈ ಊರಿನಲ್ಲಿ ಎಲ್ಲೆಲ್ಲೂ ಕಟ್ಟಡ ಏಳುತ್ತಿದೆ, ಸಿಮೆಂಟಿನ ದೂಳು ಒಳಗೆ ಮೆತ್ತಿಕೊಳ್ಳುತ್ತದೆ. ಗಾಳಿ ಆಡದಿದ್ದರೆ ಲ್ಯಾಂಪ್ ಬಿಸಿಯಾಗಿ ಬೇಗ ಸಾಯುತ್ತದೆ, ಯಂತ್ರ ತಾನೇ ಆರಿಹೋಗುತ್ತದೆ. ಫಿಲ್ಟರ್ ಇರುವ ಮಾದರಿಯಾದರೆ ತೆಗೆದು ಮೃದುವಾದ ಬ್ರಷ್ಷಿನಿಂದ ಒರೆಸಿ. ಲೆನ್ಸನ್ನು ಸೆರಗಿನಿಂದಲೋ ಕರವಸ್ತ್ರದಿಂದಲೋ ಉಜ್ಜಬೇಡಿ.

ವಿಜಯನಗರದ ಸಂಚಾಲಕಿ

ಲ್ಯಾಂಪ್ 3,900 ಗಂಟೆ ಎಂದು ತೋರಿಸುತ್ತಿದೆ. ಇಕೊ ಮೋಡ್ ಆನ್ ಆಗಿತ್ತು, ತೆಗೆದೆ. ಫಿಲ್ಟರಿನ ಮೇಲೆ ಬೂದು ಕಂಬಳಿಯಷ್ಟು ದೂಳಿತ್ತು. ದೀಪ ಆರಿಸಿ, ಅಗಲ ಕುಗ್ಗಿಸಿದ ಮೇಲೆ ಕೊನೆಯ ಸಾಲಿನಿಂದ ಊರಿನ ಹೆಸರು ಓದಲಾಯಿತು. ನಮ್ಮ ತಾಯಿಯೇ ಕೂತು ಓದಿದರು, ಮೇಷ್ಟ್ರ ಮಾತಿನಂತೆ.

ಬಾಡಿಗೆ ಅಂಗಡಿಯವ

ಇಷ್ಟು ಗಂಟೆಗೆ ಲ್ಯಾಂಪ್ ಬದಲಿಸುವ ಕಾಲ ಹತ್ತಿರ ಬಂದಿದೆ. ಲ್ಯಾಂಪ್ ಮತ್ತು ಗೋಡೆಯ ಹೊಸ ಕೇಬಲ್, ಇವೆರಡಕ್ಕೆ ಸಮಿತಿಯಲ್ಲಿ ಅನುಮತಿ ಕೇಳಿ. ಹೊಸ ಯಂತ್ರ ಈಗ ಬೇಡ. ಹಳೆಯ ಲ್ಯಾಂಪಿನಲ್ಲಿ ಪಾದರಸವಿರುತ್ತದೆ, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯದವರಿಗೆ ಕೊಡಿ.

ಮಲ್ಲೇಶ್ವರ ಅಡ್ಡರಸ್ತೆ

ಕಾರ್ಯಕ್ರಮ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವವರನ್ನು ದೂರ ಇಡಿ! ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಬೇಕು, ಇಲ್ಲದಿದ್ದರೆ ಬಿಸಿ ಲ್ಯಾಂಪಿಗೆ ಪೆಟ್ಟು.

ನಿವೃತ್ತ ಮೇಷ್ಟ್ರು

ವಿದ್ಯುತ್ ಹೋದರೂ ಅದೇ ಪೆಟ್ಟು. ಜನರೇಟರ್ ಬರುವವರೆಗಿನ ಆ ಕ್ಷಣಗಳಿಗೆ ಪ್ರೊಜೆಕ್ಟರಿನ ಸಾಕೆಟ್ಟಿಗೆ ಯುಪಿಎಸ್ ಇರಲಿ. ಲ್ಯಾಂಪ್ ಬಿಸಿಯಿದ್ದಾಗ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ, ಸಭೆ ಕಾಯಬೇಕಾಗುತ್ತದೆ.

ಯಲಹಂಕದ ಓದುಗಿ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಮನೆಗೆ ಒಂದು ಪ್ರೊಜೆಕ್ಟರ್ ಕೊಳ್ಳಬೇಕೆಂದಿದ್ದೇನೆ. ಕೋಣೆ ಪುಟ್ಟದು, 100 ಇಂಚಿನ ಚಿತ್ರ ಬೇಕು. ಓರೆಯಾಗಿ ಇಟ್ಟು ಕೀಸ್ಟೋನ್ ಹಾಕಿದರೆ ಸರಿಹೋಗುತ್ತದಲ್ಲವೇ?

ಚಿತ್ರಕೂಟದ ಸದಸ್ಯ

ಕೀಸ್ಟೋನ್ ಓರೆಯಾದ ಚಿತ್ರವನ್ನು ನೇರ ಮಾಡುತ್ತದೆ, ಆದರೆ ಒಂದಿಷ್ಟು ಚುಕ್ಕೆಗಳನ್ನು ಕತ್ತರಿಸಿಯೇ ಮಾಡುತ್ತದೆ. ಚೂಪು ಕಡಿಮೆಯಾಗುತ್ತದೆ. ಯಂತ್ರವನ್ನು ಗೋಡೆಗೆ ನೇರವಾಗಿ ಇಡುವುದೇ ಮೇಲು.

ತಂತಿ ಬಲ್ಲವ

ಓದುಗಿಯವರೇ, ಕೊಳ್ಳುವ ಮುನ್ನ ಥ್ರೋ ರೇಶಿಯೊ ನೋಡಿ. ಗೋಡೆಯಿಂದ ಯಂತ್ರಕ್ಕಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 16:9 ಅಳತೆಯ 100 ಇಂಚಿನ ಚಿತ್ರ ಸುಮಾರು 2.2 ಮೀಟರ್ ಅಗಲ. ರೇಶಿಯೊ 1.2 ಆದರೆ 2.65 ಮೀಟರ್ ದೂರ ಬೇಕು, 1.5 ಆದರೆ 3.3 ಮೀಟರ್. ಸೋಫಾದ ಹಿಂದೆ ಯಂತ್ರ ಇಡುವ ಜಾಗವನ್ನೂ, ಅದರ ಗಾಳಿ ಹೊರಹೋಗಲು ಬೇಕಾದ ಜಾಗವನ್ನೂ ಸೇರಿಸಿ ಟೇಪು ಹಿಡಿದು ಅಳೆಯಿರಿ. ಅಳತೆ ಮತ್ತು ನೀವು ನೋಡಿಟ್ಟ ಮಾದರಿಯ ಹೆಸರು ಬರೆಯಿರಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ.